ಜುಲೈಗೆ ಹೆರಿಗೆ ಡೇಟ್ ಇದೆಯೇ? ಕೊಡಗಿನ ಬಸುರಿಯರ ತಯಾರಿ ಹೀಗಿರಲಿ

ಮುಂಗಾರು ಹತ್ತಿರವಾದಂತೆ ಓದುಗರ ಪ್ರಶ್ನೆಗಳು ಒಂದೇ ಕಡೆಗೆ ತಿರುಗುತ್ತವೆ. "ಜುಲೈ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಮಡಿಕೇರಿಯಲ್ಲೇ ಇರೋದಾ, ಮೈಸೂರಿಗೆ ಹೋಗಿಬಿಡೋದಾ?" ಎಂದು ಒಬ್ಬರು. "ತೋಟದಿಂದ ಮೇನ್ ರೋಡಿಗೆ ಬರೋದೇ ಕಷ್ಟ, ರಾತ್ರಿ ನೋವು ಬಂದ್ರೆ ಏನ್ ಮಾಡ್ಲಿ?" ಎಂದು ಇನ್ನೊಬ್ಬರು. ಬಾಣಂತನದ ಬಗ್ಗೆ ಕೇಳುವವರಂತೂ ಲೆಕ್ಕಕ್ಕೇ ಇಲ್ಲ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಡಾಕ್ಟರು ಹೊಟ್ಟೆ ಮುಟ್ಟಿ, ರಕ್ತ ಪರೀಕ್ಷೆ ಮಾಡಿಸಿ ಹೇಳುವ ಅಪಾಯ ಒಂದು. ರಸ್ತೆ, ಕರೆಂಟು, ನೆಟ್‌ವರ್ಕು ತಂದೊಡ್ಡುವ ಅಪಾಯ ಇನ್ನೊಂದು. ಈ ಎರಡನೆಯದನ್ನು ತಾಯಿ ಕಾರ್ಡಿನಲ್ಲಿ ಯಾರೂ ಬರೆದುಕೊಡುವುದಿಲ್ಲ. ಅದರ ಲೆಕ್ಕ ನೀವೇ ಹಾಕಿಕೊಳ್ಳಬೇಕು, ಅದೂ ಏಳನೇ ತಿಂಗಳು ಮುಗಿಯುವುದರೊಳಗೆ.

1. ಮೊದಲು ದಿನ ಲೆಕ್ಕ ಹಾಕಿ, ಬೇಗ ಹೆಸರು ಬರೆಸಿ

ಕೊನೆಯ ಮುಟ್ಟು ಶುರುವಾದ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿ. ಅದೇ ಅಂದಾಜು ಹೆರಿಗೆ ದಿನ, ಅಂದರೆ 40 ವಾರ. ಮುಟ್ಟಿನ ದಿನ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹೇಳುವ ದಿನವನ್ನೇ ನಂಬಿ. ಎಂಟನೇ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಬೇರೆ ದಿನ ತೋರಿಸಿದರೂ ಮೊದಲಿನದನ್ನು ಬದಲಿಸಬೇಡಿ. ಲೆಕ್ಕ ಹಾಕಿದ ದಿನ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬಂದರೆ ಮುಂದೆ ಬರುವ 4 ಮತ್ತು 5ನೇ ಹಂತವನ್ನು ಎರಡು ಸಲ ಓದಿ.

ಹನ್ನೆರಡು ವಾರದೊಳಗೆ ಆಶಾ ಕಾರ್ಯಕರ್ತೆಯ ಬಳಿಯೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಅದರಲ್ಲಿ ಬರೆಯುವ ಆರ್‌ಸಿಎಚ್ ಸಂಖ್ಯೆ ನಿಮ್ಮ ಬಸಿರಿನ ಗುರುತು. ತೋಟ ಬಿಟ್ಟು ಬೇರೆ ತೋಟಕ್ಕೆ ಹೋದರೂ, ತವರಿಗೆ ಹೋದರೂ ಅದೇ ಕಾರ್ಡ್ ಮುಂದುವರಿಯುತ್ತದೆ. ಹೋದಲ್ಲೆಲ್ಲ ಹೊಸ ಕಾರ್ಡ್ ಮಾಡಿಸಿಕೊಂಡರೆ ಹಳೆಯ ರಕ್ತ ಪರೀಕ್ಷೆ, ಹಾಕಿಸಿಕೊಂಡ ಟಿಡಿ ಚುಚ್ಚುಮದ್ದು (ಧನುರ್ವಾಯು, ಗಂಟಲಮಾರಿ ತಡೆಯುವ ಲಸಿಕೆ) ಯಾವುದರ ದಾಖಲೆಯೂ ಸಿಗದು.

ಕನಿಷ್ಠ ನಾಲ್ಕು ತಪಾಸಣೆ ಆಗಲೇಬೇಕು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಾಲ್ಕನೇ ತಿಂಗಳಿನಿಂದ ಮುಂದಿನ ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ. ಉಪಕೇಂದ್ರದ ತಪಾಸಣೆ ಮಾತ್ರ ಮಾಡಿಸುತ್ತಿರುವವರು ಒಮ್ಮೆಯಾದರೂ ಆ ದಿನ ಡಾಕ್ಟರಿಗೆ ತೋರಿಸಿ.

ಪರೀಕ್ಷೆಗಳ ವಿಷಯದಲ್ಲಿ ಇಷ್ಟು ಗಮನದಲ್ಲಿರಲಿ. ರಕ್ತದ ಗುಂಪು ನೆಗೆಟಿವ್ ಬಂದು ಗಂಡನದು ಪಾಸಿಟಿವ್ ಆಗಿದ್ದರೆ ಆಂಟಿ-ಡಿ ಎಂಬ ಚುಚ್ಚುಮದ್ದು ಬೇಕಾಗುತ್ತದೆ: 28ನೇ ವಾರದಲ್ಲಿ ಒಂದು, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಎಲ್ಲ ಕಡೆಯೂ ಇದರ ದಾಸ್ತಾನು ಇರುವುದಿಲ್ಲ, ಮೊದಲೇ ಕೇಳಿಡಿ. ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸಿರಿನ ಸಕ್ಕರೆ ಕಾಯಿಲೆ ಎಂದರ್ಥ. ಮಗುವಿನ ಅಂಗಾಂಗ ನೋಡುವ ಸ್ಕ್ಯಾನಿಂಗ್‌ಗೆ 18ರಿಂದ 20ನೇ ವಾರ ಸರಿಯಾದ ಸಮಯ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ. ಯರವ, ಜೇನುಕುರುಬ ಮುಂತಾದ ಗಿರಿಜನ ಸಮುದಾಯದವರು ಕುಡಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

2. ಕಾಫಿ ಲೋಟವನ್ನೂ ಕಬ್ಬಿಣದ ಮಾತ್ರೆಯನ್ನೂ ದೂರ ಇಡಿ

ನಮ್ಮ ಜಿಲ್ಲೆಯ ಬಸುರಿಯರಿಗೆಂದೇ ಒಂದು ಮಾತು ಹೇಳಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಹೊರುವ ಅಂಶ) 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ಎಲ್ಲರಿಗೂ ಒಂದಿಷ್ಟು ರಕ್ತ ಹೋಗುತ್ತದೆ. 12 ಇದ್ದವಳು ಅದನ್ನು ತಡೆದುಕೊಳ್ಳುತ್ತಾಳೆ. 7 ಇದ್ದವಳಿಗೆ ಅದೇ ರಕ್ತಸ್ರಾವ ಪ್ರಾಣಕ್ಕೆ ಬರುತ್ತದೆ, ಅದೂ ಮರ ಬಿದ್ದು ರಸ್ತೆ ಬಂದ್ ಆದ ರಾತ್ರಿ ರಕ್ತದ ಬಾಟಲಿ ಎಲ್ಲಿಂದ ತರುವುದು?

ಕಬ್ಬಿಣದ ಮಾತ್ರೆ ಎಲ್ಲರಿಗೂ ಕೊಟ್ಟಿರುತ್ತಾರೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ನುಂಗುತ್ತಲೂ ಇರುತ್ತಾರೆ, ಆದರೂ ಹಿಮೋಗ್ಲೋಬಿನ್ ಏರುವುದಿಲ್ಲ. ವಿಚಾರಿಸಿದರೆ ಊಟ, ಮಾತ್ರೆ, ಹಿಂದೆಯೇ ಒಂದು ಲೋಟ ಬೆಲ್ಲದ ಕಾಫಿ! ಕಾಫಿ, ಟೀ ಎರಡರಲ್ಲೂ ಇರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಮತ್ತು ಹಾಲು ಕೂಡ ಅಡ್ಡ ಬರುತ್ತವೆ.

ಹೀಗೆ ಮಾಡಿ. ಬೆಳಗಿನ ತಿಂಡಿಯ ಜೊತೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟದ ಜೊತೆ ಇನ್ನೊಂದು. ಮಧ್ಯಾಹ್ನ ಊಟವಾಗಿ ಒಂದು ಗಂಟೆ ಕಳೆದ ಮೇಲೆ ಕಬ್ಬಿಣದ ಮಾತ್ರೆ, ಜೊತೆಗೆ ನಿಂಬೆ ನೀರು ಅಥವಾ ಕಿತ್ತಳೆ. ಹುಳಿ ಹಣ್ಣಿನಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಕಾಫಿಯ ಆಸೆಯಾದರೆ ಮಾತ್ರೆಯಾಗಿ ಎರಡು ಗಂಟೆ ಬಿಟ್ಟು ಕುಡಿಯಿರಿ. ಮಲ ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಹೊಟ್ಟೆ ತೊಳಸಿದರೆ ಮಲಗುವ ಮುಂಚೆ ನುಂಗಿ ನೋಡಿ. ಆಗ ರಾತ್ರಿಯ ಕ್ಯಾಲ್ಸಿಯಂ ಅನ್ನು ಮಧ್ಯಾಹ್ನಕ್ಕೆ ಸರಿಸಿ. ಬಿಟ್ಟುಬಿಡುವುದು ಮಾತ್ರ ಬೇಡ. ಏಳನೇ ತಿಂಗಳಲ್ಲೂ ರಕ್ತ ಕಡಿಮೆಯೇ ಇದ್ದರೆ ಮಾತ್ರೆಗೆ ಕಾಯುವಷ್ಟು ಸಮಯ ಉಳಿದಿರುವುದಿಲ್ಲ. ರಕ್ತನಾಳಕ್ಕೆ ಕೊಡುವ ಕಬ್ಬಿಣದ ಡ್ರಿಪ್ ಬಗ್ಗೆ ಡಾಕ್ಟರನ್ನು ಕೇಳಿ.

ಇನ್ನು ಕಾಫಿ ಎಷ್ಟು ಕುಡಿಯಬಹುದು? ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟದಿರುವುದು ಒಳ್ಳೆಯದು. ನೆನಪಿಡಿ, ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ನಮ್ಮ ಮನೆಗಳಲ್ಲಿ ಪುಡಿ ಮಾಡಿಸುವುದು ಹೆಚ್ಚಾಗಿ ರೋಬಸ್ಟಾವನ್ನೇ. ದಿನಕ್ಕೆ ಎರಡು ಸಣ್ಣ ಲೋಟ, ಅದೂ ತೆಳು ಡಿಕಾಕ್ಷನ್‌ನದು, ಅಲ್ಲಿಗೆ ನಿಲ್ಲಿಸಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಅಂಟಿಕೊಂಡು ಕರುಳಲ್ಲೇ ರಕ್ತ ಹೀರುತ್ತದೆ. ನಾಲ್ಕನೇ ತಿಂಗಳ ನಂತರ ಒಂದು ಸಲ ಜಂತುಹುಳದ ಮಾತ್ರೆ ಕೇಳಿ ತೆಗೆದುಕೊಳ್ಳಿ. ಊಟದಲ್ಲಿ ಸೊಪ್ಪು, ಕಾಳು, ಮೊಟ್ಟೆ, ಮೀನು, ಚೆನ್ನಾಗಿ ಬೆಂದ ಮಾಂಸ ಇರಲಿ. ಪಂದಿ ಕರಿ (ಹಂದಿ ಮಾಂಸದ ಅಡುಗೆ) ತಿನ್ನಬಾರದೆಂದೇನಿಲ್ಲ, ಒಳಗೆ ಕೆಂಪು ಉಳಿಯದಂತೆ ಬೆಂದಿರಬೇಕು ಅಷ್ಟೆ. ಮಳೆ ಬಿದ್ದ ಕೂಡಲೇ ಏಳುವ ಕಾಡಿನ ಅಣಬೆ ಮಾತ್ರ ಈ ವರ್ಷ ಬೇಡ. ಅಂಗನವಾಡಿಯಲ್ಲಿ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯ ಬಿಸಿಯೂಟ ನಿಮ್ಮ ಹಕ್ಕು. ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಅದರಲ್ಲಿ ಸೇರಿದೆ.

3. ತೋಟದ ಕೆಲಸ, ರಜೆ, ಹಣ

ಬಸಿರೆಂದು ಮನೆಯಲ್ಲಿ ಕೂರಬೇಕಾಗಿಲ್ಲ. ಆದರೆ ಕಾಫಿ ಮೂಟೆ ಎತ್ತುವುದು, ಗೊಬ್ಬರ ಹೊರುವುದು, ಏಣಿ ಹತ್ತಿ ಮೆಣಸು ಕೊಯ್ಯುವುದು, ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಶಿಲೀಂಧ್ರನಾಶಕ) ಬೆರೆಸುವುದು ಅಥವಾ ಸಿಂಪಡಿಸುವುದು ಬೇಡವೇ ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು, ಹೊರಗಿನ ಬಚ್ಚಲಿಗೆ ಹೋಗುವ ಜಾರು ಹಾದಿ ಇವೂ ಅಷ್ಟೇ ಅಪಾಯದವು. ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಆ ಕೆಲಸ ಮನೆಯವರದು. ಹೊಟ್ಟೆಯ ಮೇಲೆ ಬಿದ್ದರೆ ನೋವಿಲ್ಲದಿದ್ದರೂ ಅದೇ ದಿನ ತೋರಿಸಿಕೊಳ್ಳಿ.

1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದ ಹಕ್ಕು ಆಫೀಸಿನವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇದೆ. ಕಾಯ್ದೆಯಲ್ಲಿ ಪ್ಲಾಂಟೇಷನ್‌ಗಳ ಹೆಸರು ಸ್ಪಷ್ಟವಾಗಿಯೇ ಇತ್ತು. ಹೆರಿಗೆಯ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ; ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಗರ್ಭಪಾತವಾದರೂ ಆರು ವಾರ ರಜೆ ಇದೆ. ಎಲ್ಲಿ ಎಡವುತ್ತಾರೆಂದರೆ, ಹಾಜರಿ ಪುಸ್ತಕದಲ್ಲಿ ಹೆಸರೇ ಇರುವುದಿಲ್ಲ, ಅಥವಾ ಗಂಡನ ಹೆಸರಿನಲ್ಲಿ ಇಬ್ಬರ ಲೆಕ್ಕವೂ ಸೇರಿರುತ್ತದೆ. ನಿಮ್ಮ ಹೆಸರು ಬೇರೆಯಾಗಿ ಬರೆಯುತ್ತಿದ್ದಾರೆಯೇ ಎಂದು ರೈಟರ್ (ತೋಟದ ಗುಮಾಸ್ತ) ಬಳಿ ಈಗಲೇ ನೋಡಿ. ರಜೆ ಕೇಳುವುದನ್ನು ಬರವಣಿಗೆಯಲ್ಲೇ ಕೇಳಿ.

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ ಎರಡು ಕಂತಿನಲ್ಲಿ ₹5,000, ಎರಡನೆಯದು ಹೆಣ್ಣಾದರೆ ₹6,000. ಅರ್ಜಿ ಅಂಗನವಾಡಿಯಲ್ಲಿ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆಸ್ಪತ್ರೆ ಹೆರಿಗೆಗೆ ಹಳ್ಳಿಯಲ್ಲಿ ₹700, ಪಟ್ಟಣದಲ್ಲಿ ₹600. ಆಧಾರ್ ಜೋಡಿಸಿದ, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಬೇಕು. ಮದುವೆಗೆ ಮುಂಚಿನ ಹೆಸರು ಆಧಾರಿನಲ್ಲಿ, ಮದುವೆಯ ನಂತರದ್ದು ಪಾಸ್‌ಬುಕ್ಕಿನಲ್ಲಿ ಇದ್ದರೆ ಹಣ ಅಲ್ಲೇ ನಿಲ್ಲುತ್ತದೆ.

4. ಎಲ್ಲಿ ಹೆರಿಗೆ? ಏಳನೇ ತಿಂಗಳೊಳಗೆ ನಿರ್ಧರಿಸಿ

ಯಾವ ತೊಡಕೂ ಇಲ್ಲದವರು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಹೆರಬಹುದು. ಮಡಿಕೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಅದು ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯೂ ಹೌದು. ಅಲ್ಲಿಂದಾಚೆಗೆ ಕಳಿಸುವುದು ಸಾಮಾನ್ಯವಾಗಿ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಅಥವಾ ಮಂಗಳೂರಿನ ಲೇಡಿಗೋಷನ್‌ಗೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಒಳ್ಳೆಯ ದಿನದಲ್ಲೇ ಮೂರು ಗಂಟೆ ಹಿಡಿಯುತ್ತದೆ. ಮಂಗಳೂರು ದಾರಿಯಲ್ಲಿ ಸಂಪಾಜೆ ಘಾಟಿ ಇದೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಏನಾಯಿತೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಆಸ್ಪತ್ರೆ ಯಾವುದೇ ಇರಲಿ, ಸರ್ಕಾರಿಯೋ ಖಾಸಗಿಯೋ, ಹೋಗಿ ಮುಖಾಮುಖಿ ಕೇಳಿ: ರಾತ್ರಿ ಮತ್ತು ಭಾನುವಾರ ಹೆರಿಗೆ ತಜ್ಞರು ಇರುತ್ತಾರೆಯೇ? ಅರಿವಳಿಕೆ ಡಾಕ್ಟರು? ಅವರಿಲ್ಲದೆ ಸಿಸೇರಿಯನ್ ಆಗದು. ನನ್ನ ಗುಂಪಿನ ರಕ್ತ ಎಷ್ಟು ಹೊತ್ತಿಗೆ ಸಿಗುತ್ತದೆ? ಕೂಸಿಗೆ ಉಸಿರಾಟದ ತೊಂದರೆಯಾದರೆ ಇಲ್ಲೇ ನೋಡುತ್ತೀರಾ? ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತು ಓಡುತ್ತದೆ? ಉತ್ತರ ಕೊಡಲು ಸಿಡುಕುವ ಕಡೆ ನಾನಾದರೆ ಹೆರಿಗೆಗೆ ಹೋಗುವುದಿಲ್ಲ.

ಬಿಪಿ ಇರುವವರು, ಅವಳಿ ಮಕ್ಕಳ ತಾಯಂದಿರು, ಹಿಂದೆ ಸಿಸೇರಿಯನ್ ಆದವರು, ಮಾಸು (ಹೊಕ್ಕುಳ ಬಳ್ಳಿ ಅಂಟಿರುವ ಗಡ್ಡೆ) ಕೆಳಗೆ ಕೂತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು, ಹಿಮೋಗ್ಲೋಬಿನ್ ತುಂಬಾ ಕಡಿಮೆ ಇರುವವರು, ಮಗು ಅಡ್ಡ ಅಥವಾ ಕಾಲು ಕೆಳಗಾಗಿ ಇರುವವರು ಜಿಲ್ಲಾ ಆಸ್ಪತ್ರೆಗಿಂತ ಚಿಕ್ಕ ಕಡೆ ಪ್ರಯತ್ನಿಸಬೇಡಿ. ಮೈಸೂರಿಗೇ ಹೋಗಬೇಕು ಎಂದು ಡಾಕ್ಟರು ಹೇಳಿದ್ದರೆ ನೋವು ಬಂದ ಮೇಲೆ ಹೊರಡುವ ಯೋಚನೆಯನ್ನೇ ಬಿಡಿ. ಯಾವಾಗ ಹೋಗಿ ಉಳಿಯಬೇಕೆಂದು ಅವರಿಂದಲೇ ದಿನ ಕೇಳಿ. ತೊಡಕು ಇದ್ದವರಿಗೆ ಅದು 37ನೇ ವಾರಕ್ಕಿಂತ ಮುಂಚೆಯೂ ಇರಬಹುದು.

5. ಮಳೆಗೆ ಪ್ಲಾನ್

ಮೊದಲನೆಯದು, ಸಾಧ್ಯವಿದ್ದರೆ 37ನೇ ವಾರಕ್ಕೆ ಆಸ್ಪತ್ರೆಯಿಂದ ಅರ್ಧ ಗಂಟೆ ದೂರದೊಳಗೆ ಬಂದುಬಿಡಿ. ಚಿಕ್ಕಮ್ಮನ ಮನೆಯೋ, ಅತ್ತಿಗೆಯ ತವರೋ, ಬಾಡಿಗೆ ರೂಮೋ ಆಗಬಹುದು. "ಬೇರೆಯವರ ಮನೆಯಲ್ಲಿ ಹೇಗೆ ಇರೋದು" ಎಂಬ ಸಂಕೋಚ ಅರ್ಥವಾಗುತ್ತದೆ, ಆದರೂ ಬನ್ನಿ. ಭಾಗಮಂಡಲ, ನಾಪೋಕ್ಲು ಕಡೆಯವರು, ಸಿದ್ದಾಪುರ ಹತ್ತಿರದ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆ ದಂಡೆಯವರು, ಗುಡ್ಡದ ಬುಡದಲ್ಲಿ ಮನೆ ಇರುವವರು ಇದನ್ನು ಐಚ್ಛಿಕ ಎಂದುಕೊಳ್ಳಬೇಡಿ. ಕಾವೇರಿ ತುಂಬಿದರೆ ರಸ್ತೆ ಮುಳುಗುತ್ತದೆ, ನಿಮ್ಮ ಡೇಟಿಗೆ ಅದು ಕಾಯುವುದಿಲ್ಲ.

ಬರಲಾಗದವರು ಮನೆಯಿಂದ ಆಸ್ಪತ್ರೆಗೆ ಎರಡು ದಾರಿ ಗೊತ್ತುಮಾಡಿಕೊಳ್ಳಿ. ಒಂದರಲ್ಲಿ ಬರೆ (ರಸ್ತೆ ಪಕ್ಕದ ಮಣ್ಣಿನ ದಿಣ್ಣೆ) ಕುಸಿದರೆ ಇನ್ನೊಂದು ಬೇಕು. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಅಂಗಳದ ತನಕ 108 ಬರಲಾಗದೆ ಇರಬಹುದು; ಟಾರು ರಸ್ತೆ ಸೇರುವ ಜಾಗಕ್ಕೆ ಒಂದು ಗುರುತು ಇಟ್ಟುಕೊಂಡು, ಅಲ್ಲಿಯವರೆಗೆ ಕರೆತರಲು ಜೀಪು ಇರುವ ಇಬ್ಬರ ಬಳಿ ಮೊದಲೇ ಮಾತಾಡಿ. ಇಬ್ಬರು ಏಕೆಂದರೆ ಒಬ್ಬರ ಜೀಪು ಆ ದಿನ ಕುಶಾಲನಗರಕ್ಕೆ ಹೋಗಿಯೇ ಇರುತ್ತದೆ. ಆನೆ ಓಡಾಡುವ ತೋಟಗಳಾದರೆ ರಾತ್ರಿ ಹೊರಡುವ ಮುನ್ನ ಕಾವಲಿನವರಿಗೆ ಫೋನ್ ಮಾಡಿ.

ಕರೆಂಟು ಎರಡು ದಿನ ಹೋದರೆ ಮೊಬೈಲ್ ಟವರೂ ಮಲಗುತ್ತದೆ. ಹತ್ತಿರ ಯಾರ ಮನೆಯಲ್ಲಿ ಲ್ಯಾಂಡ್‌ಲೈನ್ ಇದೆ, ಗುಡ್ಡದ ಯಾವ ತಿರುವಿನಲ್ಲಿ ಸಿಗ್ನಲ್ ಸಿಗುತ್ತದೆ, ಗಂಡನಿಗೂ ಅತ್ತೆಗೂ ತಿಳಿದಿರಲಿ. ನಂಬರುಗಳನ್ನು ಕಾಗದದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಸಲಹೆಗೆ 104, ಆಂಬುಲೆನ್ಸಿಗೆ 108. ಸರ್ಕಾರಿ ಆಸ್ಪತ್ರೆಗೆ ಹೋಗುವುದು, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸುವುದು, ಹೆರಿಗೆಯಾಗಿ ಮನೆಗೆ ಬಿಡುವುದು ಮೂರೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಸಿಸೇರಿಯನ್, ಔಷಧ, ರಕ್ತ, ಊಟ ಕೂಡ ಉಚಿತವೇ. ಹಣ ಕೇಳಿದರೆ ರಸೀದಿ ಕೇಳಿ.

ಚೀಲದ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಉದ್ದ ಮಾಡುವುದಿಲ್ಲ. ಕೊಡಗಿಗೆಂದು ಬೇಕಾದವು: ತಾಯಿ ಕಾರ್ಡು ಮತ್ತು ಆಧಾರ್ ಪ್ಲಾಸ್ಟಿಕ್ ಕವರಿನಲ್ಲಿ, ಟಾರ್ಚ್, ಪವರ್ ಬ್ಯಾಂಕ್, ಸ್ವೆಟರ್, ಕಾಲುಚೀಲ, ಕೂಸಿಗೆ ಟೋಪಿ, ಒಗೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಆದ್ದರಿಂದ ಮೇ ಬಿಸಿಲಲ್ಲೇ ಒಣಗಿಸಿ ಕಟ್ಟಿಡಿ.

6. ಇವು ಕಂಡರೆ ಬೆಳಗಾಗಲೆಂದು ಕಾಯಬೇಡಿ

ರಕ್ತ ಹೋಗುವುದು, ನೋವಿರಲಿ ಇಲ್ಲದಿರಲಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಎದೆಗುಂಡಿಯ ಕೆಳಗೆ ಉರಿನೋವು. ಬಿಪಿ 140/90 ದಾಟಿದ್ದರೆ ಇವು ಬಸಿರಿನ ನಂಜಿನ ಲಕ್ಷಣ, ಫಿಟ್ಸ್ ಬರಬಹುದು. ನೀರು ಒಡೆಯುವುದು, ಅದರ ಬಣ್ಣ ಹಸಿರಾಗಿದ್ದರೆ ಕೂಸು ಒಳಗೇ ಮಲ ಮಾಡಿದೆ ಎಂದರ್ಥ, ಇನ್ನೂ ಅವಸರ. ಜ್ವರ. ಏಳನೇ ತಿಂಗಳ ನಂತರ ಮಗುವಿನ ಮಿಸುಕಾಟ ಎಂದಿಗಿಂತ ಕಡಿಮೆಯಾಗುವುದು. ಎಡಕ್ಕೆ ಹೊರಳಿ ಮಲಗಿ ಎಣಿಸಿ, ಎರಡು ಗಂಟೆಯಲ್ಲಿ ಹತ್ತು ಸಲವೂ ಮಿಸುಕದಿದ್ದರೆ ಹೊರಡಿ. "ಮಗು ನಿದ್ದೆ ಮಾಡ್ತಿರಬೇಕು" ಎಂದು ಮನೆಯವರು ಹೇಳಿದರೂ ಹೊರಡಿ.

7. ನೋವು ಶುರುವಾದಾಗ

ಐದು ನಿಮಿಷಕ್ಕೊಂದರಂತೆ ನೋವು ಬಂದು ಪ್ರತಿಯೊಂದೂ ಒಂದು ನಿಮಿಷ ನಿಂತರೆ ಆಸ್ಪತ್ರೆಗೆ ಹೋಗಿ ಎನ್ನುವುದು ಪಟ್ಟಣದವರ ಲೆಕ್ಕ. ಮಳೆಯಲ್ಲಿ, ಒಳ ತೋಟದಲ್ಲಿ ಇರುವವರು ನೋವು ಬಿಟ್ಟುಬಿಟ್ಟು ಕ್ರಮವಾಗಿ ಬರುತ್ತಿದೆ ಎಂದು ಅನಿಸಿದ ಕೂಡಲೇ ಹೊರಡಿ. ಹೋದ ಮೇಲೆ "ಇನ್ನೂ ಟೈಮಿದೆ" ಎಂದರೆ ಅಲ್ಲೇ ಕಾಯಬಹುದು. ಎರಡನೇ, ಮೂರನೇ ಹೆರಿಗೆಗಳು ಬೇಗ ಆಗುತ್ತವೆ, ಅದು ನೆನಪಿರಲಿ.

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ನಿಮ್ಮ ಜೊತೆ ಒಬ್ಬ ಹೆಂಗಸು ಇರಲು ಸರ್ಕಾರದ ನಿಯಮವೇ ಅವಕಾಶ ಕೊಡುತ್ತದೆ. ಹೆತ್ತಿರುವ, ಗಾಬರಿಯಾಗದ ಒಬ್ಬರನ್ನು ಆರಿಸಿಕೊಳ್ಳಿ. ಅಮ್ಮನೇ ಆಗಬೇಕೆಂದಿಲ್ಲ, ಕೆಲವು ಅಮ್ಮಂದಿರು ಮಗಳಿಗಿಂತ ಹೆಚ್ಚು ಅಳುತ್ತಾರೆ.

ದಾರಿಯಲ್ಲೇ ಹೆರಿಗೆಯಾದರೆ? 108ರ ಸಿಬ್ಬಂದಿಗೆ ತರಬೇತಿ ಇರುತ್ತದೆ. ಜೀಪಿನಲ್ಲಾದರೆ ಗಾಡಿ ನಿಲ್ಲಿಸಿ. ಮಗುವನ್ನು ಎಳೆಯಬೇಡಿ, ಬರುವಾಗ ಕೈಯಲ್ಲಿ ಆತುಕೊಳ್ಳಿ ಸಾಕು. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ತಾಯಿಯ ಬರಿ ಎದೆಯ ಮೇಲೆ ಕವುಚಿ ಮಲಗಿಸಿ, ಇಬ್ಬರನ್ನೂ ಹೊದೆಸಿ. ಬಳ್ಳಿಯನ್ನು ಕತ್ತರಿಸಲೂ ಬೇಡಿ, ಎಳೆಯಲೂ ಬೇಡಿ. ಹಾಗೆಯೇ ಆಸ್ಪತ್ರೆಗೆ ಮುಂದುವರಿಯಿರಿ.

8. ಮೊದಲ ಗಂಟೆ, ಮೊದಲ ಎರಡು ದಿನ

ಒಂದು ಗಂಟೆಯೊಳಗೆ ಎದೆಗೆ ಹಾಕಿ. ಮೊದಲು ಬರುವ ಹಳದಿ ಗಟ್ಟಿ ಹಾಲು ಹಿಂಡಿ ಚೆಲ್ಲುವಂಥದ್ದಲ್ಲ, ಕೂಸಿನ ಮೊದಲ ರೋಗನಿರೋಧಕ ಅದು. ನಾಲಿಗೆಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಕೊಡಗಿನ ಜೇನು ಎಷ್ಟೇ ಶುದ್ಧವಾಗಿರಲಿ, ವರ್ಷ ತುಂಬುವ ತನಕ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ವಿಷ ಉಂಟುಮಾಡಿ ನರಗಳನ್ನು ಸೋಲಿಸುತ್ತದೆ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ.

ಕೂಸಿನ ಸ್ನಾನ ಒಂದು ದಿನವಾದರೂ ತಡವಾಗಲಿ, ಚಳಿಯ ಊರಿನಲ್ಲಿ ಇದು ಇನ್ನೂ ಮುಖ್ಯ. ಎರಡೂವರೆ ಕಿಲೋಗಿಂತ ಕಡಿಮೆ ತೂಕವಿದ್ದರೆ ದಿನದ ಹೆಚ್ಚು ಹೊತ್ತು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡಿರಿ, ಅಪ್ಪನೂ ಕಟ್ಟಿಕೊಳ್ಳಬಹುದು. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಿಶಿನ ಏನೂ ಬೇಡ.

ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಿ. ತಾಯಿಗೆ ಅಪಾಯದ ರಕ್ತಸ್ರಾವ ಹೆಚ್ಚಾಗಿ ಆಗುವುದು ಮೊದಲ ದಿನ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ದರೆ ಕೂಗಿ ನರ್ಸನ್ನು ಕರೆಯಿರಿ. "ಹೆರಿಗೆಯಾದ ಮೇಲೆ ಹೋಗೋದೇ" ಎಂಬ ಸಮಾಧಾನ ಕೇಳಿ ಕೂರಬೇಡಿ. ಮನೆಗೆ ಹೊರಡುವ ಮುಂಚೆ ಕೂಸಿಗೆ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಹಾಕಿದ್ದಾರೆಯೇ ನೋಡಿ, ಜನನ ನೋಂದಣಿಗೆ ಹೆಸರಿನ ಅಕ್ಷರ ಸರಿಯಾಗಿ ಬರೆಸಿ.

9. ಬಾಣಂತನ: ಯಾವುದು ಇರಲಿ, ಯಾವುದು ಬೇಡ

ಹಳೆಯ ಬಾಣಂತನವನ್ನು ಪೂರ್ತಿ ಅಲ್ಲಗಳೆಯುವವಳು ನಾನಲ್ಲ. ಹೆತ್ತವಳನ್ನು ಮನೆಗೆಲಸದಿಂದ ಬಿಡಿಸಿ, ಬಿಸಿ ಊಟ ಕೊಟ್ಟು, ಎಣ್ಣೆ ತಿಕ್ಕಿ ಮಲಗಿಸುವ ಪದ್ಧತಿ ಚಂದವೇ. ಅದರ ಜೊತೆ ಅಂಟಿಕೊಂಡು ಬಂದ ಕೆಲವಕ್ಕೆ ನನ್ನ ವಿರೋಧ.

ಮೊದಲು ಕೆಂಡ. ಆಟಿ (ಜುಲೈ-ಆಗಸ್ಟ್) ಮಳೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ. ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದ ತಾಯಿ ಮಗು ಎಚ್ಚರವಾಗುವುದೇ ಇಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮಗು ಮಲಗುವ ಮುಂಚೆ ಹಾಸಿಗೆ ಬೆಚ್ಚಗೆ ಮಾಡಿ, ಮಗುವನ್ನು ಮಲಗಿಸುವಾಗ ತೆಗೆದುಬಿಡಿ. ಸಾಂಬ್ರಾಣಿ ಹೊಗೆಯೂ ಕೂಸಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಚಳಿಗೆಂದು ಬಾಣಂತಿಗೆ ಬ್ರಾಂಡಿ ಕೊಡುವ ಮನೆಗಳಿವೆ. ತಾಯಿ ಕುಡಿದದ್ದು ಹಾಲಿಗೂ ಇಳಿಯುತ್ತದೆ. ಕೂಸಿನ ನಾಲಿಗೆಗೆ ಒಂದು ಹನಿ ತಾಗಿಸುವುದಂತೂ ಬೇಡವೇ ಬೇಡ.

ನೀರು ಕೊಟ್ಟರೆ ಹೊಟ್ಟೆ ದೊಡ್ಡದಾಗುತ್ತದೆ ಎಂಬುದು ಸುಳ್ಳು. ಹಾಲುಣಿಸುವವಳಿಗೆ ಬಾಯಾರಿಕೆ ಹೆಚ್ಚು, ಕೇಳಿದಷ್ಟು ಕೊಡಿ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. ಗರ್ಭಕೋಶ ಆರು ವಾರದಲ್ಲಿ ತಾನಾಗಿಯೇ ಹಳೆಯ ಗಾತ್ರಕ್ಕೆ ಬರುತ್ತದೆ. ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದಲ್ಲ. ಬೆನ್ನಿಗೆ ಹಿತವೆನಿಸಿದರೆ ಸಡಿಲವಾಗಿ ಕಟ್ಟಿ, ಉಸಿರು ಕಟ್ಟುವಂತೆ ಬಿಗಿಯಬೇಡಿ. ಸಪ್ಪೆ ಸಾರು, ಅನ್ನ, ಬೆಳ್ಳುಳ್ಳಿಯಷ್ಟೇ ಕೊಟ್ಟು ತರಕಾರಿ, ಹಣ್ಣು ನಿಲ್ಲಿಸಿದರೆ ಸೋತ ಮೈ ಮತ್ತೆ ತುಂಬುವುದಾದರೂ ಯಾವುದರಿಂದ? ಬಸಿರಲ್ಲಿ ಸಕ್ಕರೆ ಇದ್ದವರು ಬೆಲ್ಲ, ತುಪ್ಪದ ಲೇಹ್ಯವನ್ನು ಡಾಕ್ಟರನ್ನು ಕೇಳಿ ತಿನ್ನಿ. ಸಿಸೇರಿಯನ್ ಹೊಲಿಗೆಯ ಮೇಲೆ ಕುದಿನೀರು ಎರಚಬೇಡಿ, ಗಾಯ ಒಣಗಿರಬೇಕು. ತಿಂಗಳುಗಟ್ಟಲೆ ಮಲಗಿಸಿಯೇ ಇಟ್ಟರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮನೆಯೊಳಗೇ ನಡೆದಾಡಿ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ಮಳೆ ಎಂದು ಬರಲಾಗದಿದ್ದರೆ ಫೋನಿನಲ್ಲಾದರೂ ವಿಚಾರಿಸಿಕೊಳ್ಳಿ. ಜ್ವರ, ದುರ್ವಾಸನೆಯ ಸ್ರಾವ, ಒಂದೇ ಕಾಲು ಊದಿ ನೋಯುವುದು, ಮೊಲೆ ಕೆಂಪಾಗಿ ಗಟ್ಟಿಯಾಗುವುದು ಇವು ತಾಯಿಗೆ ಆಸ್ಪತ್ರೆಯ ಕಾರಣಗಳು. ಬಿಪಿ ಹೆರಿಗೆಯ ನಂತರವೂ ಏರಬಹುದು, ತಲೆನೋವನ್ನು ನಿದ್ದೆಗೇಡಿಗೆ ಹೊರಿಸಬೇಡಿ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದುಕೊಂಡರೆ, ಅಂಗೈ ಅಂಗಾಲು ಹಳದಿಯಾದರೆ ತಕ್ಷಣ ಕರೆದೊಯ್ಯಿರಿ.

10. ಮನಸ್ಸಿನ ಬಾಣಂತನ

ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದೆ, ಮಗು ಮಲಗಿದಾಗಲೂ ನಿದ್ದೆ ಬಾರದೆ, ಊಟ ಸೇರದೆ, "ನಾನು ಒಳ್ಳೆ ತಾಯಿಯಲ್ಲ" ಎಂಬ ಯೋಚನೆಯೇ ಕೊರೆಯುತ್ತಿದ್ದರೆ ಅದು ಖಿನ್ನತೆ, ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ದಿನವಿಡೀ ಮಂಜು ಕವಿದ ಜುಲೈ, ಸುತ್ತ ಮನೆಗಳೇ ಇಲ್ಲದ ತೋಟ, ರಾತ್ರಿಯಾದರೆ ಕರೆಂಟಿಲ್ಲ: ಗಟ್ಟಿ ಮನಸ್ಸಿನವಳನ್ನೂ ಇದು ಕುಗ್ಗಿಸುತ್ತದೆ. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ.

ಯಾರೋ ಮಾತಾಡಿದ ಹಾಗೆ ಕೇಳಿಸುವುದು, ಮಗುವನ್ನು ಯಾರೋ ಕದಿಯುತ್ತಾರೆಂಬ ಸಂಶಯ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದು ತುರ್ತು ಪರಿಸ್ಥಿತಿ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತ ದಿನ ಕಳೆಯಬೇಡಿ, ತಾಯಿ ಮಗುವನ್ನು ಇಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ.

ಗಂಡಂದಿರಿಗೆ ಒಂದು ಕೆಲಸ: ರಾತ್ರಿ ಒಂದು ಹೊತ್ತು ಮಗುವಿನ ಜವಾಬ್ದಾರಿ ನೀವು ಹೊತ್ತು ಆಕೆಗೆ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಸಿಗುವಂತೆ ನೋಡಿಕೊಳ್ಳಿ. ಮಗು ನೋಡಲು ಬರುವವರನ್ನು ಮೊದಲ ವಾರ ಬಾಗಿಲಲ್ಲೇ ತಡೆಯುವ ಕೆಲಸವೂ ನಿಮ್ಮದೇ. "ಹೆಣ್ಣಾ?" ಎಂದು ರಾಗ ಎಳೆಯುವವರನ್ನು ಎಷ್ಟು ವಾರ ತಡೆದರೂ ನನ್ನ ಅಭ್ಯಂತರವಿಲ್ಲ.

11. ಆರನೇ ವಾರದ ತಪಾಸಣೆ

ಮಗುವಿನ ಲಸಿಕೆಗೆ ಹೇಗೂ ಆಸ್ಪತ್ರೆಗೆ ಹೋಗುತ್ತೀರಿ, ಅದೇ ದಿನ ನಿಮ್ಮನ್ನೂ ತೋರಿಸಿಕೊಳ್ಳಿ. ಬಿಪಿ, ಹಿಮೋಗ್ಲೋಬಿನ್, ಹೊಲಿಗೆ ನೋಡಿಸಿ. ಬಸಿರಲ್ಲಿ ಸಕ್ಕರೆ ಬಂದಿದ್ದರೆ ಗ್ಲೂಕೋಸ್ ಪರೀಕ್ಷೆ ಮತ್ತೆ ಮಾಡಿಸಲೇಬೇಕು. ಕೆಮ್ಮಿದಾಗ ಮೂತ್ರ ಸೋರುತ್ತಿದ್ದರೆ ನಾಚದೆ ಹೇಳಿ, ವ್ಯಾಯಾಮ ಹೇಳಿಕೊಡುತ್ತಾರೆ.

ಮುಟ್ಟು ಬಂದಿಲ್ಲ ಎಂದ ಮಾತ್ರಕ್ಕೆ ಮತ್ತೆ ಬಸಿರು ನಿಲ್ಲುವುದಿಲ್ಲ ಎಂದೇನಿಲ್ಲ. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಅಥವಾ ಆರು ವಾರದ ನಂತರ ಹಾಕಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಆರು ವಾರದ ನಂತರ, ಛಾಯಾ ಮಾತ್ರೆ ಹಾಲುಣಿಸುವವರಿಗೂ ಆಗುತ್ತದೆ. ಮೂರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಬಿಡಿ, ಸಿಸೇರಿಯನ್ ಆದವರಂತೂ ಅದಕ್ಕಿಂತ ಮುಂಚೆ ಅವಸರ ಮಾಡಬೇಡಿ.

ಡಿಸ್ಚಾರ್ಜ್ ಚೀಟಿಯನ್ನು ಎಸೆಯಬೇಡಿ. ಸಿಸೇರಿಯನ್ ಏಕಾಯಿತು, ಹೇಗೆ ಕೊಯ್ದರು, ಎಷ್ಟು ರಕ್ತ ಕೊಟ್ಟರು ಎಂಬುದನ್ನೆಲ್ಲ ಮುಂದಿನ ಸಲ ನೋಡುವ ಡಾಕ್ಟರು ಮೊದಲು ಕೇಳುತ್ತಾರೆ. ಇಲ್ಲಿನ ತೇವಕ್ಕೆ ಬೀರುವಿನಲ್ಲಿಟ್ಟ ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.